ಅವಳ ರಾತ್ರಿಯನ್ನು ಅವಳಿಗೆ ಬಿಡಿ

ನಿಮಗೆ ಗೊತ್ತಿದೆ. ಮನೆಮಂದಿಯೆಲ್ಲ ಮಲಗಿದ ಮೇಲೆ ಗೋಡೆಗೆ ಬೆನ್ನು ಆನಿಸಿ ಕೂತು, ತನ್ನ ಮೊಣಕಾಲನ್ನು ತಾನೇ ಒತ್ತಿಕೊಳ್ಳುತ್ತ, ಒಮ್ಮೆ ಟೊಂಕಕ್ಕೆ ಕೈ ಕೊಟ್ಟು, ಒಮ್ಮೆ ಕುತ್ತಿಗೆ ಹಿಡಿದುಕೊಂಡು, ಕೋಳಿ ಕೂಗುವುದರೊಳಗೆ ಕಣ್ಣು ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ ಎಂದು ರಾತ್ರಿ ಕಳೆಯುವ ಹೆಂಗಸೊಬ್ಬಳು ನಿಮ್ಮ ಮನೆಯಲ್ಲಿ ಇದ್ದಾಳೆ; ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ನಿಮ್ಮ ಓಣಿಯಲ್ಲಿ ಇದ್ದಾಳೆ. ನೀರು ಕುಡಿಯಲು ಎದ್ದಾಗ ನೀವು ಅವಳನ್ನು ನೋಡಿದ್ದೀರಿ. "ಯಾಕವ್ವಾ, ನಿದ್ದಿ ಹತ್ತವಲ್ದೇನು?" ಎಂದು ಕೇಳಿಯೂ ಇದ್ದೀರಿ. "ಮೈಕೈ ನುಸ್ತಾವಪಾ, ನೀ ಮಲ್ಕೋ ಹೋಗು" ಎಂದಿದ್ದಾಳೆ. ನೀವು ಹೋಗಿ ಮಲಗಿದ್ದೀರಿ. ಬೆಳಿಗ್ಗೆ ಎದ್ದಾಗ ಬಿಸಿ ರೊಟ್ಟಿ ಬುಟ್ಟಿಯಲ್ಲಿತ್ತು, ಚಹಾ ಒಲೆಯ ಮೇಲಿತ್ತು, ಮಾತು ಅಲ್ಲಿಗೇ ಮುಗಿದಿತ್ತು.

ಕಲ್ಲುಮನಸ್ಸಿನವರಿಗೆ ನಾನು ಇದನ್ನು ಬರೆಯುತ್ತಿಲ್ಲ. ಅವ್ವನ ನೋವು ಕಂಡರೆ ಕರುಳು ಚುರ್ ಎನ್ನುವ ನಿಮಗೆ, ಆದರೂ ಅದನ್ನು ವಯಸ್ಸಾದವರ ಸಹಜ ಸಂಕಟ ಎಂದು ಬದಿಗಿಟ್ಟು ಬದುಕಲು ಕಲಿತ ನಿಮಗೆ ಬರೆಯುತ್ತಿದ್ದೇನೆ.

ನಿಪ್ಪಾಣಿಯ ಓಣಿಗಳಲ್ಲಿ ನಡೆದು ಬನ್ನಿ. ಹೊಸ್ತಿಲ ಬೆಳಕಿಗೆ ಮುಖ ಮಾಡಿ, ಕಾಲು ಮಡಚಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಎಲೆ ಕತ್ತರಿಸಿ, ತಂಬಾಕು ತುಂಬಿ, ಬೀಡಿ ಸುತ್ತಿ, ದಾರ ಕಟ್ಟುವವಳ ಕುತ್ತಿಗೆ ದಿನವಿಡೀ ಬಾಗಿಯೇ ಇರುತ್ತದೆ. ಎಣಿಕೆ ಸಾವಿರಕ್ಕೆ ಮುಟ್ಟಬೇಕು, ಕೂಲಿ ಸಾವಿರದ ಲೆಕ್ಕದಲ್ಲಿ. ಅಥಣಿಗೆ ಬನ್ನಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹೆಸರೂ ಇದೆ ಎಂದು ಹೆಮ್ಮೆ ಪಡುತ್ತೇವೆ. ಆ ಚಪ್ಪಲಿಯ ಹೆಣಿಗೆ, ಹೊಲಿಗೆಗಳಲ್ಲಿ ನೆಲಕ್ಕೆ ಕೂತ ಹೆಣ್ಣುಮಕ್ಕಳ ಬೆರಳು, ಭುಜ, ಬೆನ್ನು ಸವೆದಿವೆ ಎಂಬುದನ್ನು ಯಾವ ಗುರುತೂ ಹೇಳುವುದಿಲ್ಲ. ಕಾಗವಾಡ, ರಾಯಬಾಗ, ಚಿಕ್ಕೋಡಿಯ ಕಬ್ಬಿನ ಗದ್ದೆಗಳಿಗೆ ಬನ್ನಿ. ಸಕ್ಕರೆ ಕಾರ್ಖಾನೆ ಶುರುವಾದ ದಿನದಿಂದ ಬಾಗಿ ಬುಡ ಕಡಿಯುವುದು, ಸೂಲಂಗಿ ಸವರುವುದು, ಕಟ್ಟಿದ ಹೊರೆಯನ್ನು ತಲೆಯ ಮೇಲೆ ಹೊತ್ತು ಹಲಗೆ ಹತ್ತಿ ಗಾಡಿಗೆ ಏರಿಸುವುದು. ಗಾಡಿ ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ಏರಿಸುವುದು. ಇದರ ಮೇಲೆ ಮನೆಯ ನೀರು, ದನದ ಕಸ, ಮುಸುರೆ. ಅವಳಿಗೆ ನಿದ್ದೆ ಬೇಕು. ಎಲ್ಲರಿಗಿಂತ ಹೆಚ್ಚು ಅವಳಿಗೇ ಬೇಕು, ಎಲ್ಲರಿಗಿಂತ ಕಡಿಮೆ ಅವಳಿಗೇ ಸಿಗುತ್ತದೆ.

ನೋವು ನಿದ್ದೆಯನ್ನು ಕೆಡಿಸುತ್ತದೆ ಎಂದು ಎಲ್ಲರೂ ಬಲ್ಲರು. ಕೆಟ್ಟ ನಿದ್ದೆ ನೋವನ್ನು ಬೆಳೆಸುತ್ತದೆ ಎಂಬುದು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ಒಂದೇ ರಾತ್ರಿ ನಿದ್ದೆಗೆಟ್ಟರೂ ಮರುದಿನ ಮೈಯ ನೋವು ತಾಳುವ ಶಕ್ತಿ ತಗ್ಗುತ್ತದೆ. ನಿನ್ನೆ ಸಹಿಸಿದ್ದ ನೋವೇ ಇವತ್ತು ಅಸಹನೀಯವಾಗುತ್ತದೆ. ಮೆದುಳು ನೋವಿನ ಸುದ್ದಿಯನ್ನು ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತದೆ, ತಡೆಯಬೇಕಾದ ತನ್ನ ಒಳಗಿನ ವ್ಯವಸ್ಥೆಯನ್ನು ಸಡಿಲ ಬಿಡುತ್ತದೆ. ಹಾಗಾಗಿ "ಬಾಳ ಸಾಕಾಗೇತಿ" ಎಂದು ಅವಳು ಹೇಳುವಾಗ ಅದು ಸೋಮಾರಿತನವೂ ಅಲ್ಲ, ನಾಟಕವೂ ಅಲ್ಲ. ಅದರ ಹಿಂದೆ ರಕ್ತಹೀನತೆಯೂ ಇರಬಹುದು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಮೈಯಲ್ಲಿ ಕಬ್ಬಿಣದ ಅಂಶ ಇಳಿದರೆ ಹಗಲು ಸುಸ್ತು, ರಾತ್ರಿ ಕಾಲು ಒಂದೆಡೆ ನಿಲ್ಲದ ಚಡಪಡಿಕೆ. ಆ ಚಡಪಡಿಕೆಯನ್ನು ನೀವು ಕಂಡಿದ್ದೀರಿ, ಅದಕ್ಕೆ ಹೆಸರಿದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಈ ನೆಲಕ್ಕೆ ದನಿ ಎತ್ತುವುದು ಗೊತ್ತಿಲ್ಲ ಎನ್ನುವಂತಿಲ್ಲ. 1981ರಲ್ಲಿ ತಂಬಾಕಿನ ಬೆಲೆಗಾಗಿ ನಿಪ್ಪಾಣಿಯ ರೈತರು ರೈತ ನಾಯಕ ಶರದ್ ಜೋಶಿಯವರ ಜೊತೆ ಹೆದ್ದಾರಿಯ ಮೇಲೆ ಕೂತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ಜೀವಗಳೇ ಹೋದವು. ಮರುವರ್ಷ, 1982ರಲ್ಲಿ, ದೀಪಾ ಧನರಾಜ್ ಮತ್ತು ಯುಗಾಂತರ್ ತಂಡದವರು ಇದೇ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳ ಜೊತೆ ಕೂತು, ಅವರು ಸಂಘ ಕಟ್ಟಿ ಹೋರಾಡಿದ ಕತೆಯನ್ನು ಸಾಕ್ಷ್ಯಚಿತ್ರ ಮಾಡಿದರು. ಬೆಲೆಗಾಗಿ ಹೋರಾಡಿದೆವು, ಕೂಲಿಗಾಗಿ ಹೋರಾಡಿದೆವು, ನ್ಯಾಯವಾಗಿತ್ತು, ಮಾಡಲೇಬೇಕಿತ್ತು. ಆದರೆ ದುಡಿದ ಮೈ ಮನೆಗೆ ಬಂದ ಮೇಲೆ ಅದಕ್ಕೆ ಸಲ್ಲಬೇಕಾದ ರಾತ್ರಿಯನ್ನು ಕೇಳಿದವರು ಯಾರು? ಯಾರ ಮುಂದೆ ಕೇಳಬೇಕಿತ್ತು? ನಮ್ಮ ಮುಂದೆಯೇ, ನಮ್ಮ ಪಡಸಾಲೆಯಲ್ಲೇ. ಅಲ್ಲಿ ಅವಳ ದನಿ ಏಳಲಿಲ್ಲ.

ಮದ್ದು ಇಲ್ಲವೆಂದಲ್ಲ. ಮಾತ್ರೆಯ ಅಂಗಡಿಗೆ ಹೋಗುವ ಮೊದಲೇ ಮಾಡಬಹುದಾದ, ದುಡ್ಡು ಬೇಡದ ಎಷ್ಟೋ ಸಂಗತಿಗಳಿವೆ. ಅವು ಅವಳಿಗೂ ಹೆಚ್ಚುಕಮ್ಮಿ ಗೊತ್ತು. ಮಲಗುವ ಒಂದೆರಡು ತಾಸು ಮೊದಲು ಬಿಸಿನೀರು ಮೈಮೇಲೆ ಬಿದ್ದರೆ ಕೈಕಾಲಿನ ರಕ್ತನಾಳ ಅರಳಿ, ಒಳಗಿನ ಕಾವು ಮೆಲ್ಲಗೆ ಹೊರಬಿದ್ದು, ನಿದ್ದೆಗೆ ಮೈ ಅಣಿಯಾಗುತ್ತದೆ. ಹಿಡಿದುಕೊಂಡ ಟೊಂಕಕ್ಕೆ ಬಟ್ಟೆಯ ಮೇಲಿಂದ ಕಾಲು ತಾಸು ಶಾಖ ಕೊಟ್ಟರೆ ಸ್ನಾಯು ಸಡಿಲುತ್ತದೆ (ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮಾತ್ರ ಶಾಖ ಬೇಡ; ಸುಟ್ಟದ್ದೂ ತಿಳಿಯುವುದಿಲ್ಲ). ಮಗ್ಗಲಾಗಿ ಮಲಗುವವರು ಮೊಣಕಾಲುಗಳ ನಡುವೆ ಮಡಚಿದ ಕೌದಿ ಇಟ್ಟುಕೊಂಡರೆ, ಅಂಗಾತ ಮಲಗುವವರು ಮಂಡಿಯ ಕೆಳಗೆ ಇಟ್ಟುಕೊಂಡರೆ ಸೊಂಟದ ಎಳೆತ ಕಡಿಮೆ. ರಾತ್ರಿಯೂಟ ಮಲಗುವ ಎರಡು ಮೂರು ತಾಸು ಮೊದಲು ಮುಗಿಯಬೇಕು. ಚಹಾ ಮಧ್ಯಾಹ್ನಕ್ಕೇ ಕೊನೆಯಾಗಬೇಕು, ಏಕೆಂದರೆ ಸಂಜೆ ಆರಕ್ಕೆ ಕುಡಿದ ಚಹಾದ ಕೆಫೀನ್ ಹನ್ನೊಂದರ ಹೊತ್ತಿಗೂ ಸುಮಾರು ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಊಟದ ಜೊತೆಗೇ ಕುಡಿದರೆ ಸೊಪ್ಪಿನ, ಕಾಳಿನ ಕಬ್ಬಿಣವನ್ನೂ ಅದು ಮೈಗೆ ಹತ್ತಗೊಡುವುದಿಲ್ಲ. ದಿನವೂ ಒಂದೇ ಹೊತ್ತಿಗೆ ಏಳುವುದು, ಎದ್ದ ಕೂಡಲೇ ಅಂಗಳದ ಬಿಸಿಲು ಕಾಣುವುದು, ಹಗಲು ಮಲಗಿದರೂ ಅರ್ಧ ತಾಸು ಮೀರದಿರುವುದು. ಇಪ್ಪತ್ತು ನಿಮಿಷ ಹೊರಳಾಡಿಯೂ ನಿದ್ದೆ ಬರದಿದ್ದರೆ ಹಾಸಿಗೆಯಲ್ಲೇ ಬಿದ್ದಿರದೆ ಎದ್ದು ಮಂದ ಬೆಳಕಲ್ಲಿ ಕೂತು, ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡುತ್ತ, ಕಣ್ಣು ಎಳೆಯುವಾಗ ಮರಳಿ ಮಲಗುವುದು. ನೋವಿದ್ದರೂ ಪೂರ್ತಿ ಮೈ ಹಿಡಿದಿಡದೆ ದಿನಕ್ಕಿಷ್ಟು ನಡೆಯುವುದು, ಕೂತ ಕೆಲಸದಿಂದ ಅರ್ಧ ತಾಸಿಗೊಮ್ಮೆ ಎದ್ದು ಮೈ ನೀವಿಕೊಳ್ಳುವುದು.

ಇವುಗಳಲ್ಲಿ ಒಂದಕ್ಕೂ ರೊಕ್ಕ ಬೇಡ. ಆದರೆ ಇವುಗಳಲ್ಲಿ ಯಾವುದು ಅವಳೊಬ್ಬಳ ಕೈಯಲ್ಲಿದೆ, ಹೇಳಿ. ಬಿಸಿನೀರಿನ ಹಂಡೆ ಅವಳ ಪಾಳಿ ಬರುವ ಹೊತ್ತಿಗೆ ತಣ್ಣಗಾಗಿರುತ್ತದೆ. ಟೊಂಕಕ್ಕೆ, ಬೆನ್ನಿಗೆ ಔಡಲೆಣ್ಣೆ ತಿಕ್ಕಲು ಇನ್ನೊಬ್ಬರ ಕೈ ಬೇಕು. ನೀವು ಹತ್ತಕ್ಕೆ ಊಟಕ್ಕೆ ಕೂತರೆ ಅವಳು ಹತ್ತೂವರೆಗೆ ಕೂರುತ್ತಾಳೆ, ಹನ್ನೊಂದಕ್ಕೆ ಪಾತ್ರೆ ತೊಳೆಯುತ್ತಾಳೆ. ಅವಳ ಊಟದ ಹೊತ್ತನ್ನು ಗೊತ್ತು ಮಾಡುವವರು ನೀವು. ಅವಳು ಮಲಗುವ ಕೋಣೆಯಲ್ಲೇ ಟಿವಿ, ಅವಳ ತಲೆಯ ಬಳಿಯೇ ಮೊಮ್ಮಗನ ಮೊಬೈಲಿನ ಬೆಳಕು. ನಿಮಗೆ ಗೊತ್ತಿದೆ. ಹೊಲದಿಂದ ಬಂದ ಎತ್ತಿನ ಹೆಗಲು ಬಾತಿದ್ದರೆ ಮರುದಿನ ಅದಕ್ಕೆ ನೊಗ ಹೂಡದ ಜನ ನೀವು, ಮೈ ತಿಕ್ಕಿ, ಮೇವು ಹಾಕಿ, ಅದು ಮಲಗಿದ್ದನ್ನು ಕಂಡ ಮೇಲೆಯೇ ಒಳಗೆ ಬರುವ ಜನ. ಅದೇ ಕರುಣೆ ಕೊಟ್ಟಿಗೆಯಿಂದ ಅಡುಗೆಮನೆಯವರೆಗಿನ ನಾಲ್ಕು ಹೆಜ್ಜೆ ನಡೆದು ಬರಲಾರದೇ?

ಮಿಶ್ರಿಯ ಮಾತನ್ನೂ ಆಡಲೇಬೇಕು. ಹುರಿದು ಪುಡಿ ಮಾಡಿದ ತಂಬಾಕನ್ನು ಹಲ್ಲಿಗೆ ತಿಕ್ಕುವುದು ನಮ್ಮ ಗಡಿಯ ಎಷ್ಟೋ ಹೆಂಗಸರಿಗೆ ಎಳೆ ವಯಸ್ಸಿನಿಂದ ಅಂಟಿದ ರೂಢಿ. ಹಸಿವು ಮುಚ್ಚಲು, ಹಲ್ಲುನೋವು ಮರೆಯಲು, ಒಂದು ಗಳಿಗೆ ತನ್ನದೆಂದು ಕೂರಲು ಅದೊಂದೇ ನೆಪ. ಆದರೆ ನಿಕೋಟಿನ್ ಮೈಯನ್ನು ಎಚ್ಚರಿಸುವ ವಸ್ತು. ಮಲಗುವ ಮುನ್ನ ತಿಕ್ಕಿದರೆ ನಿದ್ದೆ ದೂರ, ನಡುರಾತ್ರಿ ಅದರ ಪ್ರಭಾವ ಇಳಿದಾಗ ಚಟವೇ ಎಬ್ಬಿಸುತ್ತದೆ. ಬಾಯಿಯ ಕ್ಯಾನ್ಸರಿನ ಭಯ ಬೇರೆ. ಅವಳನ್ನು ಬೈಯಬೇಡಿ. ತಂಬಾಕಿನ ಧೂಳಿನಲ್ಲೇ ಅವಳನ್ನು ಕೂರಿಸಿ ಅನ್ನ ಉಂಡ ಊರು ಅವಳ ಚಟಕ್ಕೆ ಅವಳನ್ನು ಹೀಯಾಳಿಸಬಾರದು. ಸಂಜೆಯ ಮಿಶ್ರಿಯನ್ನು ಮೊದಲು ಬಿಡಿಸಿ, ಆಮೇಲೆ ಉಳಿದದ್ದನ್ನು. ಆ ಹೊತ್ತಿಗೆ ಅವಳ ಬಳಿ ಕೂತು ನಾಲ್ಕು ಮಾತಾಡಿ. ಅವಳು ಹುಡುಕುತ್ತಿದ್ದದ್ದು ಬಹುಪಾಲು ಆ ಬಿಡುವನ್ನೇ.

ಇನ್ನು ಬಾಗಿಲ ಹೊರಗಿನ ಸದ್ದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುತ್ತ ರಾತ್ರಿಯಿಡೀ ಸಾಗುವ ಟ್ರ್ಯಾಕ್ಟರುಗಳ ಹಾಡಿನ ಅಬ್ಬರಕ್ಕೆ ಕಿಟಕಿಯ ಗಾಜು ನಡುಗುವುದು ಗೊತ್ತಿಲ್ಲದವರು ಯಾರು? ಚಾಲಕರದ್ದೂ ಬಡ ಮೈಯೇ, ತೂಕಡಿಕೆ ಓಡಿಸಲು ಹಾಡು ಹಚ್ಚುತ್ತಾರೆ, ಅವರಿಗೂ ನಿದ್ದೆ ಇಲ್ಲ. ಮದುವೆಗೆ ಡಿಜೆ, ಜಾತ್ರೆಗೆ ಡಿಜೆ, ಗಣಪತಿ ಕಳಿಸುವಾಗ ಎದೆಗೂಡು ಅದುರುವ ಡಿಜೆ. ಹಬ್ಬ ಬೇಡವೆಂದು ಯಾರು ಹೇಳಿಯಾರು? ಆದರೆ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತನ್ನು ರಾತ್ರಿಯೆಂದೇ ಕರೆದು, ವಸತಿ ಪ್ರದೇಶದಲ್ಲಿ ಆಗ 45 ಡೆಸಿಬಲ್ ಮೀರಬಾರದು ಎನ್ನುತ್ತವೆ. 2012ರ ಫೆಬ್ರುವರಿ 23ರಂದು ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದವರ ಮೇಲಿನ ಪೊಲೀಸ್ ದಾಳಿಯ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ಎಸ್. ಚೌಹಾಣ್ ಅವರು ನಿದ್ದೆಯನ್ನು ಮನುಷ್ಯನ ಮೂಲಭೂತ ಹಕ್ಕೆಂದು ಬರೆದರು. ದಿಲ್ಲಿಯಲ್ಲಿ ಬರೆದ ಆ ಮಾತು ಕುಡಚಿಯ, ಉಗಾರದ, ಸದಲಗಾದ ಓಣಿಯಲ್ಲಿ ಸಂಧಿವಾತದ ಮೈ ಹೊತ್ತು ಮಲಗಿದ ಮುದುಕಿಗೂ ಸಲ್ಲುತ್ತದೆ. ಅವಳು ಠಾಣೆಗೆ ಹೋಗಲಾರಳು. ಮಂಡಳಿಯ ಹುಡುಗರ ಜೊತೆ ಜಗಳ ಆಡಲಾರಳು. ಆ ಹುಡುಗರಲ್ಲಿ ನಿಮ್ಮ ಮಗನೂ ಇದ್ದಾನೆ, ನೀವು ಒಂದು ಮಾತು ಹೇಳಿದರೆ ಕೇಳುತ್ತಾನೆ.

ಇನ್ನೂ ಕಾಣದವರು ಇದ್ದಾರೆ. ಕಾರ್ಖಾನೆಗಳ ಸುತ್ತ, ಗದ್ದೆಯ ಬದಿಯಲ್ಲಿ, ತಾಡಪತ್ರಿಯ ಗುಡಿಸಲು ಹಾಕಿಕೊಂಡು ಚಳಿಗಾಲವಿಡೀ ಮಲಗುವ ಕಬ್ಬು ಕಡಿಯುವ ಗ್ಯಾಂಗಿನವರು. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದಲೂ ಬರುತ್ತಾರೆ, ನಮ್ಮದೇ ಒಣಭೂಮಿಯ ಊರುಗಳಿಂದಲೂ ಬರುತ್ತಾರೆ. ಅಲ್ಲಿನ ತಾಯಿಯ ಟೊಂಕಕ್ಕೆ ಯಾವ ಬಿಸಿನೀರು, ಯಾವ ಶಾಖ? ನಿಮ್ಮ ಗದ್ದೆಯ ಕಬ್ಬು ಕಡಿಯಲು ಬಂದವರು ಎಷ್ಟು ಹೊತ್ತಿಗೆ ಎದ್ದರು, ಎಷ್ಟು ಹೊತ್ತಿಗೆ ಮಲಗಿದರು ಎಂದು ಕೇಳಿ. ಗಾಡಿ ತುಂಬುವ ಕೆಲಸವನ್ನು ಹಗಲಿಗೇ ಹೊಂದಿಸಿ ಎಂದು ಗ್ಯಾಂಗಿನ ಮುಕಾದಮನಿಗೂ ಕಾರ್ಖಾನೆಯವರಿಗೂ ಪಟ್ಟು ಹಿಡಿದು ಹೇಳಿ. ಕಬ್ಬು ನಿಮ್ಮದು, ನಿಮ್ಮ ಮಾತಿಗೆ ತೂಕವಿದೆ. ನಿಮ್ಮ ಬಾವಿಮನೆಯ ಹತ್ತಿರ ಒಂದು ಒಲೆ, ಒಂದು ಹಂಡೆ ನೀರು, ನೆಲದ ತಂಪು ತಡೆಯಲು ಒಣ ರವದಿಯ ದಪ್ಪ ಹಾಸು: ಇಷ್ಟನ್ನು ನೀವು ಇವತ್ತೇ ಕೊಡಬಲ್ಲಿರಿ. ಅವಳಿಗೂ ನಿದ್ದೆ ಬೇಕು, ಹೆಸರು ಗೊತ್ತಿಲ್ಲದ ಅವಳಿಗೂ.

ಮನೆಮದ್ದಿನ ಮಾತಾಡಿದೆನೆಂದು ಆಸ್ಪತ್ರೆಯ ದಾರಿ ಮರೆಯಬೇಡಿ. ತಿಂಗಳುಗಟ್ಟಲೆ ಬಿಡದ ನೋವು, ಬೆಳಿಗ್ಗೆ ಎದ್ದಾಗ ಬಹುಹೊತ್ತು ಬಿಗಿದ ಕೀಲು, ಕಾರಣವಿಲ್ಲದೆ ಇಳಿದ ತೂಕ, ಜ್ವರ, ಕಾಲಲ್ಲಿ ಬಲ ಕುಗ್ಗುವುದು, ಜೋರು ಗೊರಕೆಯ ನಡುವೆ ಉಸಿರು ಕಟ್ಟುವುದು, ಬದುಕೇ ಬೇಸರವೆಂಬ ಮಾತು, ಇವು ಕಂಡರೆ ಅವಳನ್ನು ಕರೆದೊಯ್ಯಿರಿ. ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ನೋವು ಬಂದಾಗಲೆಲ್ಲ ಅಂಗಡಿಯ ಗುಳಿಗೆ ನುಂಗಿಸುವುದು, ಸಂತೆಗೆ ಹೋದಾಗೊಮ್ಮೆ ಸೂಜಿ ಮಾಡಿಸುವುದು ನಿಲ್ಲಲಿ. ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ವೈದ್ಯರ ಎದುರು "ಏನಿಲ್ರಿ, ಬರೇ ಸುಸ್ತು" ಎಂದು ಅವಳು ತಲೆ ತಗ್ಗಿಸುತ್ತಾಳೆ. ಆಗ ಪಕ್ಕದಲ್ಲಿ ನಿಂತು, ಅವಳು ಎಷ್ಟು ರಾತ್ರಿ ಕೂತೇ ಕಳೆದಿದ್ದಾಳೆಂದು ನೀವು ಹೇಳಿ. ನೋಡಿದವರು ನೀವೇ.

ಇವತ್ತು ರಾತ್ರಿ ಊಟ ಎಂಟಕ್ಕೇ ಆಗಲಿ. ಮುಸುರೆಯನ್ನು ಗಂಡಸರು ಮಕ್ಕಳು ಹಂಚಿಕೊಂಡು ತೊಳೆಯಲಿ. ಹಂಡೆಯ ಮೊದಲ ಬಿಸಿನೀರು ಅವಳಿಗೆ ಹೋಗಲಿ, ಟಿವಿ ಒಂಬತ್ತಕ್ಕೆ ಆರಲಿ, ಎಣ್ಣೆಯ ಬಟ್ಟಲು ಹಿಡಿದು ಅವಳ ಬೆನ್ನ ಹಿಂದೆ ಯಾರಾದರೊಬ್ಬರು ಕೂರಲಿ. "ಬ್ಯಾಡ ಬಿಡಪಾ, ಯಾಕ ಸುಮ್ನ" ಎಂದು ಅವಳು ಅನ್ನುತ್ತಾಳೆ, ಅಂದಳೆಂದು ಏಳಬೇಡಿ. ಮತ್ತೆ, ನಾಳೆ ನಸುಕಿನ ರೊಟ್ಟಿ ಯಾರು ಬಡಿಯಬೇಕು, ಹಾಲು ಯಾರು ಹಿಂಡಬೇಕು ಎಂಬುದನ್ನು ಊಟಕ್ಕೆ ಕೂತಾಗಲೇ, ಅವಳ ಎದುರಿಗೇ, ಅವಳ ಹೆಸರು ಬಿಟ್ಟು ಗೊತ್ತು ಮಾಡಿಕೊಳ್ಳಿ.