ಅಗ್ಗದ ಚಹಾವನ್ನು ಕಡಲಿಗೆ ಸುರಿದುದೇಕೆ?

ಅಮೇರಿಕದ ಸ್ವಾತಂತ್ರ್ಯ ಘೋಷಣೆಗೆ 2026 ಇನ್ನೂರೈವತ್ತನೆಯ ವರ್ಷ. ಆ ಕ್ರಾಂತಿಯ ಕುರಿತು ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರುವುದು ಶಾಲೆಯಲ್ಲಿ ಕಲಿತ ಒಂದೇ ಮಾತು: ಬ್ರಿಟನ್ ತೆರಿಗೆ ಹೇರಿತು, ಜನರು ದಂಗೆಯೆದ್ದರು. ಆದರೆ 1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ನೀರುಪಾಲಾದ 342 ಪೆಟ್ಟಿಗೆಗಳ ಚಹಾ ಹಿಂದಿಗಿಂತ ಅಗ್ಗದ ಬೆಲೆಗೆ ಮಾರಾಟವಾಗಲಿತ್ತು ಎಂಬುದು ಗಮನಾರ್ಹ. ಅಗ್ಗವಾಗಿ ದೊರೆಯುವುದನ್ನು ಜನರೇಕೆ ತಿರಸ್ಕರಿಸಿದರು? ಇಡೀ ಸಂಘರ್ಷದ ಮರ್ಮ ಈ ಪ್ರಶ್ನೆಯಲ್ಲಿಯೇ ಅಡಗಿದೆ.

ಬ್ರಿಟನ್ನಿನ ವಾದವು ಸಂಪೂರ್ಣ ನಿರಾಧಾರವಾಗಿರಲಿಲ್ಲ. 1763ರಲ್ಲಿ ಕೊನೆಗೊಂಡ ಏಳು ವರ್ಷಗಳ ಯುದ್ಧವು ಅದರ ರಾಷ್ಟ್ರೀಯ ಸಾಲವನ್ನು ಬಹುತೇಕ ಇಮ್ಮಡಿಗೊಳಿಸಿತ್ತು. ವಸಾಹತುಗಳ ರಕ್ಷಣೆಗೂ ಹಣ ವ್ಯಯವಾಗಿತ್ತು. ಅದರಲ್ಲೊಂದು ಪಾಲನ್ನು ಅಲ್ಲಿಯವರೇ ಭರಿಸಲಿ ಎಂದು ಲಂಡನ್ ಬಯಸಿತು. 1764ರಲ್ಲಿ ಸಕ್ಕರೆ ಕಾಯ್ದೆ ಬಂತು. ಅದು ಕಾಕಂಬಿಯ ಮೇಲಿನ ಸುಂಕವನ್ನು ಗ್ಯಾಲನ್ನಿಗೆ 6 ಪೆನ್ಸ್‌ನಿಂದ 3 ಪೆನ್ಸ್‌ಗೆ ಇಳಿಸಿತು. ಆದರೆ ಅದುವರೆಗೆ ಹೆಸರಿಗಷ್ಟೇ ಇದ್ದ ಸುಂಕವನ್ನು ಕಟ್ಟುನಿಟ್ಟಾಗಿ ವಸೂಲು ಮಾಡಲು ಹೊರಟಿತು. ಆರೋಪಿಗಳನ್ನು ಜ್ಯೂರಿಗಳಿಲ್ಲದ ನ್ಯಾಯಾಲಯಗಳಿಗೆ ಎಳೆಯುವ ದಾರಿಯನ್ನೂ ತೆರೆಯಿತು. 1765ರ ಸ್ಟಾಂಪ್ ಕಾಯ್ದೆಯು ಪತ್ರಿಕೆ, ಪಂಚಾಂಗ, ಕರಾರುಪತ್ರಗಳಿಂದ ಹಿಡಿದು ಇಸ್ಪೀಟು ಎಲೆಗಳವರೆಗೆ ಎಲ್ಲಕ್ಕೂ ಮುದ್ರೆಯ ಶುಲ್ಕ ವಿಧಿಸಿತು.

ವಸಾಹತುಗಳಿಗೆ ತಮ್ಮದೇ ಶಾಸನಸಭೆಗಳಿದ್ದವು. ಅವು ವಿಧಿಸಿದ ತೆರಿಗೆಯನ್ನು ಜನರು ತೆರುತ್ತಿದ್ದರು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಾತ್ರ ಅವರ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಪಾರ್ಲಿಮೆಂಟು ಸಾಮ್ರಾಜ್ಯದ ಸಕಲ ಪ್ರಜೆಗಳನ್ನೂ ಪ್ರತಿನಿಧಿಸುತ್ತದೆ, ಮ್ಯಾಂಚೆಸ್ಟರಿಗೂ ಪ್ರತ್ಯೇಕ ಸದಸ್ಯನಿಲ್ಲವಲ್ಲ ಎಂದು ಲಂಡನ್ ಉತ್ತರಿಸಿತು. ಒಂದು ಅನ್ಯಾಯಕ್ಕೆ ಇನ್ನೊಂದು ಅನ್ಯಾಯವನ್ನು ಸಾಕ್ಷಿಯಾಗಿ ನಿಲ್ಲಿಸುವುದು ಅಧಿಕಾರಸ್ಥರ ಹಳೆಯ ಚಾಳಿ. 1766ರಲ್ಲಿ ಸ್ಟಾಂಪ್ ಕಾಯ್ದೆ ರದ್ದಾಯಿತು. ಆದರೆ ಸಕಲ ವಿಷಯಗಳಲ್ಲಿಯೂ ವಸಾಹತುಗಳನ್ನು ಬಂಧಿಸುವ ಶಾಸನ ರಚಿಸಲು ತನಗೆ ಅಧಿಕಾರವಿದೆಯೆಂದು ಸಾರುವ ಇನ್ನೊಂದು ಕಾಯ್ದೆಯನ್ನು ಪಾರ್ಲಿಮೆಂಟು ಜೊತೆಯಲ್ಲೇ ಹೊರಡಿಸಿತು. ತೆರಿಗೆ ಹೋಯಿತು, ದರ್ಪ ಉಳಿಯಿತು. 1767ರಲ್ಲಿ ಗಾಜು, ಸೀಸ, ಕಾಗದ, ಬಣ್ಣ ಮತ್ತು ಚಹಾದ ಮೇಲೆ ಸುಂಕ ಬಿತ್ತು. ಮರುವರ್ಷ ಬೋಸ್ಟನ್ನಿಗೆ ಸೇನೆ ಬಂತು. 1770ರ ಮಾರ್ಚ್ 5ರಂದು ಸೈನಿಕರ ಗುಂಡಿಗೆ ಐವರು ಬಲಿಯಾದರು. ಆ ವರ್ಷ ಉಳಿದ ಸುಂಕಗಳು ರದ್ದಾದರೂ ಚಹಾದ ಸುಂಕವನ್ನು ಮಾತ್ರ ಉಳಿಸಿಕೊಳ್ಳಲಾಯಿತು. ಅದರ ಉದ್ದೇಶ ಆದಾಯಕ್ಕಿಂತ ಹೆಚ್ಚಾಗಿ ಅಧಿಕಾರದ ಪ್ರದರ್ಶನವೇ ಆಗಿತ್ತು.

ಇಲ್ಲಿ ನಮ್ಮ ನೆಲದ ನೋವೂ ಈ ಕಥೆಯೊಂದಿಗೆ ಬೆಸೆದುಕೊಂಡಿದೆ. ಆ ಚಹಾ ಈಸ್ಟ್ ಇಂಡಿಯಾ ಕಂಪೆನಿಯದು. 1769ರಲ್ಲಿ ಮೈಸೂರಿನ ಹೈದರಲಿ ಮದ್ರಾಸಿನ ಬಾಗಿಲಿಗೇ ಬಂದು ಅದನ್ನು ಸಂಧಿಗೆ ಒಪ್ಪಿಸಿದ್ದರು. ಬಂಗಾಳದಲ್ಲಿ 1769-70ರ ಕ್ಷಾಮಕ್ಕೆ ಲಕ್ಷಾಂತರ ಜನರು ಬಲಿಯಾದಾಗಲೂ ಕಂಪೆನಿ ಕಂದಾಯ ವಸೂಲಿಯನ್ನು ಕೈಬಿಡಲಿಲ್ಲ. ಆದರೂ 1772ರ ಹೊತ್ತಿಗೆ ಅದು ದಿವಾಳಿಯ ಅಂಚಿಗೆ ತಲಪಿತ್ತು. ಅದನ್ನು ಬದುಕಿಸಲಿಕ್ಕಾಗಿ, ಗೋದಾಮುಗಳಲ್ಲಿ ಕೊಳೆಯುತ್ತಿದ್ದ ಚಹಾವನ್ನು ನೇರವಾಗಿ ಅಮೇರಿಕಕ್ಕೆ ಸಾಗಿಸುವ ಅವಕಾಶವನ್ನು 1773ರ ಚಹಾ ಕಾಯ್ದೆ ನೀಡಿತು. ಬಂಗಾಳವನ್ನು ಹಿಂಡಿದ ಕಂಪೆನಿ ನಾಳೆ ತಮ್ಮನ್ನೂ ಹಿಂಡಲಿದೆಯೆಂದು ವಸಾಹತುಗಳ ಕರಪತ್ರಗಳು ಎಚ್ಚರಿಸಿದವು. ಅಗ್ಗದ ಚಹಾವನ್ನು ಕೊಂಡರೆ ಪೌಂಡಿಗೆ 3 ಪೆನ್ಸ್ ಸುಂಕದೊಂದಿಗೆ ಗುಲಾಮಗಿರಿಯ ತತ್ವವನ್ನೂ ಒಪ್ಪಿಕೊಂಡಂತೆ ಎಂದು ಅವರು ಭಾವಿಸಿದರು.

ಲಂಡನ್ನಿನ ಉತ್ತರ ಶಿಕ್ಷೆಯ ರೂಪದಲ್ಲಿ ಬಂತು. 1774ರಲ್ಲಿ ಬೋಸ್ಟನ್ ಬಂದರನ್ನೇ ಮುಚ್ಚಲಾಯಿತು, ಮ್ಯಾಸಚೂಸೆಟ್ಸಿನ ಸ್ವಯಮಾಡಳಿತವನ್ನು ಮೊಟಕುಗೊಳಿಸಲಾಯಿತು. ಕೆಲವರ ಕೃತ್ಯಕ್ಕೆ ಇಡೀ ಊರಿನ ಅನ್ನವನ್ನು ಕಸಿಯುವ ಶಾಸನವು ಶಾಂತಿಯನ್ನು ತರಲಾರದು. ಅದುವರೆಗೆ ಪರಸ್ಪರ ಹೊಂದಿಕೆಯಿಲ್ಲದಿದ್ದ 12 ವಸಾಹತುಗಳ ಪ್ರತಿನಿಧಿಗಳು ಅದೇ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಒಂದಾದರು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್‌ಟನ್ನಿನಲ್ಲಿ ಗುಂಡು ಹಾರಿತು.

ಹಾಗೆಂದು ಈ ಕ್ರಾಂತಿಯನ್ನು ಕಣ್ಣುಮುಚ್ಚಿ ಹೊಗಳಲು ನಾವು ಸಿದ್ಧರಿಲ್ಲ. ತೆರಿಗೆಯನ್ನೇ ಗುಲಾಮಗಿರಿಯೆಂದು ಕರೆದವರ ಮನೆಗಳಲ್ಲಿ ನಿಜವಾದ ಗುಲಾಮರಿದ್ದರು. ವಸಾಹತುಗಳ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಸಂಕೋಲೆಯಲ್ಲಿತ್ತು. ಬೋಸ್ಟನ್ನಿನಲ್ಲಿ ಮಡಿದ ಐವರಲ್ಲಿ ಆಫ್ರಿಕನ್ ಮೂಲದ ಕ್ರಿಸ್ಪಸ್ ಅಟಕ್ಸ್ ಕೂಡ ಒಬ್ಬರು. ಆದರೆ ಅವರ ಬಾಂಧವರ ಒಪ್ಪಿಗೆಯನ್ನು ಯಾವ ಸಭೆಯೂ ಕೇಳಲಿಲ್ಲ. ಅಪಲಾಚಿಯನ್ ಪರ್ವತಗಳ ಪಶ್ಚಿಮಕ್ಕೆ ವಲಸೆ ಹೋಗಬಾರದೆಂದು 1763ರಲ್ಲಿ ದೊರೆ ಹೊರಡಿಸಿದ ಆಜ್ಞೆಯೂ ವಸಾಹತುಗಾರರ ಪಾಲಿಗೆ ಒಂದು ದೂರಾಗಿತ್ತು. ಆ ನೆಲದ ಮೂಲನಿವಾಸಿಗಳ ಹಕ್ಕು ಅವರಿಗೆ ಹಕ್ಕಾಗಿ ಕಾಣಿಸಲೇ ಇಲ್ಲ.

ಆಳುವವರು ಕಲಿಯಬೇಕಾದ ಪಾಠ ಸ್ಪಷ್ಟವಿದೆ. ಬಾಧಿತರ ಮಾತನ್ನು ಕೇಳದೆ ರಚಿಸಿದ ಕಾನೂನು ಎಷ್ಟೇ ಅಗ್ಗದ ಸವಲತ್ತನ್ನು ಹೊತ್ತು ತಂದರೂ ವಿಶ್ವಾಸವನ್ನು ಗಳಿಸಲಾರದು. ಹೋರಾಡುವವರಿಗೂ ಇಲ್ಲಿ ಪಾಠವಿದೆ. ನಾವು ನಮಗಾಗಿ ಬೇಡುವ ನ್ಯಾಯವನ್ನು ನಮ್ಮ ಕೈಕೆಳಗಿನವರಿಗೂ ನೀಡಲು ಸಿದ್ಧರಿದ್ದೇವೆಯೇ? ಈ ಪ್ರಶ್ನೆಯಿಂದ ತಪ್ಪಿಸಿಕೊಂಡದ್ದರ ಬೆಲೆಯನ್ನು ಅಮೇರಿಕ 1861ರ ಅಂತರ್ಯುದ್ಧದಲ್ಲಿ ರಕ್ತದಿಂದ ತೆತ್ತಿತು. ನ್ಯಾಯಕ್ಕಾಗಿ ಧ್ವನಿಯೆತ್ತುವ ಪ್ರತಿಯೊಬ್ಬರೂ ಅದನ್ನು ತಮ್ಮೊಳಗೆ ಕೇಳಿಕೊಳ್ಳಲಿ.