ಬಾಣಂತಿಗೆ ಸೂತಕವಿಲ್ಲ, ಆರೈಕೆ ಉಂಟು



ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳಿಗೆ ವೀರಶೈವ ಧರ್ಮದಲ್ಲಿ ಸ್ಥಾನವಿಲ್ಲ. ಸಭೆ ಸಮಾರಂಭಗಳಲ್ಲಿ ಈ ಮಾತನ್ನು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಶ್ರೀ ಶಿವಯೋಗಿ ಶಿವಾಚಾರ್ಯರ ಸಿದ್ಧಾಂತಶಿಖಾಮಣಿಯು ಹೆರಿಗೆಯಾದ ತಾಯಿಯನ್ನು ಪ್ರತ್ಯೇಕವಾಗಿ ಪ್ರಸ್ತಾಪಿಸಿಯೇ, ಲಿಂಗಾರ್ಚನೆ ಮಾಡುವ ಆಕೆಗೆ ಸೂತಕವಿಲ್ಲವೆಂದು ಸಾರಿದೆ. ಆದರೆ ನೀರಮಾನ್ವಿಯ ಸುತ್ತಮುತ್ತ, ಮಾನ್ವಿ ದೇವದುರ್ಗ ಸೀಮೆಯ ಭಕ್ತರ ಮನೆಗಳಿಗೆ ಹೋದಾಗ ನಾವು ಕಾಣುವುದೇನು? ಪಡಸಾಲೆಯಲ್ಲಿ ಪಾದಪೂಜೆ ನಡೆದಿರುತ್ತದೆ, ಒಳಕೋಣೆಯ ಕದ ಮುಚ್ಚಿರುತ್ತದೆ. "ಮಗಳು ಹಡದಾಳ್ರೀ ಅಪ್ಪಾವರ, ಇನ್ನಾ ಹನ್ನೊಂದ ದಿನ ಆಗಿಲ್ಲ" ಎಂದು ಮನೆಯ ಹಿರಿಯಳು ಸಂಕೋಚದಿಂದ ಹೇಳುತ್ತಾಳೆ. ಕೊರಳಲ್ಲಿ ಲಿಂಗವಿರುವ ತಾಯಿಗೆ ಈ ಮೈಲಿಗೆ ಎಲ್ಲಿಂದ ಬಂತು?

ನಮ್ಮ ಹಿರಿಯರು ಬಾಣಂತಿಗಾಗಿ ಮಾಡಿಟ್ಟ ವಿಧಿಗಳನ್ನು ನಾವು ಹಳಿಯುವುದಿಲ್ಲ. ಅವುಗಳಷ್ಟು ಅಂತಃಕರಣದ ಆಚರಣೆಗಳು ಬೇರೆ ಇಲ್ಲ. ಹೊಟ್ಟೆಯಲ್ಲಿ ಕೂಸಿರುವಾಗ ಕುಬಸದ ಸಂಭ್ರಮ, ಹಸಿರು ಬಳೆ, ಉಡಿ ತುಂಬುವುದು. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆಂದು ಲಿಂಗಧಾರಣೆ. ಹೆರಿಗೆಯಾದ ಮೇಲೆ ದಿನವೂ ಮೈಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದು, ತಲೆಗೆ ಬಟ್ಟೆ ಕಟ್ಟಿ ಬೆಚ್ಚಗೆ ಮಲಗಿಸುವುದು, ತುಪ್ಪದ ಸಜ್ಜಕ, ಅಳವಿ ಪಾಯಸ, ಬೆಳ್ಳುಳ್ಳಿ ಒಗ್ಗರಣೆಯ ಸಾರು. ಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಕಟ್ಟಿದ ಅಂಟಿನುಂಡಿಯನ್ನು ಬಡವರ ಮನೆಯಲ್ಲೂ ಸಾಲ ಮಾಡಿಯಾದರೂ ಕಟ್ಟುತ್ತಿದ್ದರು. ಐದನೆಯ ದಿನ ಸೆಟವಿ ಪೂಜೆ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಣ್ಣುಮಕ್ಕಳ ಜೋಗುಳ, ಆಮೇಲೆ ಬಾಣಂತಿಯೇ ನೀರಿನ ಬಳಿಗೆ ಹೋಗಿ ಮಾಡುವ ಗಂಗೆಪೂಜೆ. ಇವುಗಳಲ್ಲಿ ಮಗುವಿನಷ್ಟೇ ತಾಯಿಗೂ ಮರ್ಯಾದೆಯಿದೆ.

ಇಂತಹ ಆರೈಕೆಯ ಮೇಲೆ ಯಾವ ಕಾಲದಲ್ಲೋ ಮೈಲಿಗೆಯ ಹೊದಿಕೆ ಬಿದ್ದಿತು. ಬೇರೆ ತಾಟು, ಬೇರೆ ತಂಬಿಗೆ ಬಂದವು. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರು ಕೊಡದ ಮನೆಗಳುಂಟು. ಹಾಲೂಡಿಸುವ ತಾಯಿಗೆ ನೀರಿಲ್ಲದಿದ್ದರೆ ಆಕೆಯ ದೇಹದ ಗತಿಯೇನು? ಮೊದಲ ಹಾಲನ್ನು ಹಿಂಡಿ ಚೆಲ್ಲುವವರೂ ಇದ್ದಾರೆ. ಆಕಳು ಈದಾಗ ಗಿಣ್ಣವನ್ನು ಬೆಲ್ಲ ಹಾಕಿ ಕಾಸಿ ಓಣಿಗೆಲ್ಲ ಹಂಚಿ ತಿನ್ನುವ ನಾವು, ನಮ್ಮ ಕೂಸಿಗೆ ಅದರ ತಾಯಿಯ ಮೊದಲ ಹಾಲು ಕೊಡಲು ಹಿಂಜರಿಯುತ್ತೇವೆ! ಹೊರಸಿನ ಕೆಳಗೆ ಕೆಂಡವಿಟ್ಟು ಕದ ಕಿಟಕಿಗಳನ್ನು ಭದ್ರಪಡಿಸಿದರೆ ಆ ಹೊಗೆಯೇ ತಾಯಿ ಮಗುವಿಗೆ ವಿಷವಾಗುತ್ತದೆ.

2017ರಲ್ಲಿ ಸರ್ಕಾರ ಮಾತೃಪೂರ್ಣ ಯೋಜನೆಯನ್ನು ಪ್ರಯೋಗಕ್ಕೆಂದು ಮೊದಲು ಆರಂಭಿಸಿದ ತಾಲೂಕುಗಳಲ್ಲಿ ನಮ್ಮ ಮಾನ್ವಿಯೂ ಒಂದು. ಅದೇ ವರ್ಷ ಅಕ್ಟೋಬರ್ 2ರಿಂದ ರಾಜ್ಯಕ್ಕೆಲ್ಲ ಬಂತು. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಅನ್ನ, ಸಾರು, ಪಲ್ಯ, ಹಾಲು, ಮೊಟ್ಟೆ, ಚಿಕ್ಕಿ ಸೇವಿಸಬೇಕು; ಮೊಟ್ಟೆ ಒಲ್ಲದವರಿಗೆ ಮೊಳಕೆಕಾಳು. ಉದ್ದೇಶ ಒಳ್ಳೆಯದು. ಆದರೆ ಹೊಸಿಲು ದಾಟಬಾರದ ಬಾಣಂತಿ ಅಂಗನವಾಡಿಗೆ ಹೋಗುವುದು ಹೇಗೆ? ಆಕೆಗೆ ಬೇಯಿಸಿದ ಊಟ ಆಕೆಯನ್ನು ಮುಟ್ಟಲಿಲ್ಲ. ಹಸಿಮೈಯ ಬಾಣಂತಿಯನ್ನು ಬಿಸಿಲಲ್ಲಿ ನಡೆಸುವುದೂ ತರವಲ್ಲ, ಒಂದು ಡಬ್ಬಿಯಲ್ಲಿ ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂದು ನಮಗೂ ಅನಿಸಿದ್ದುಂಟು. ಆದರೆ ಮೂರು ತಿಂಗಳ ಕೂಸಿನ ತಾಯಿಯನ್ನೂ ಒಳಗೇ ಕೂಡಿಸಿದರೆ ಅದರ ಹೊಣೆ ಸರ್ಕಾರದ್ದಲ್ಲ, ನಮ್ಮದು.

ಇಲ್ಲಿ ಹಿರಿಯ ತಾಯಂದಿರು ಒಂದು ಮಾತು ಎತ್ತುತ್ತಾರೆ. ಸೂತಕವೆಂಬುದು ಇದ್ದುದರಿಂದಲೇ ಸೊಸೆಗೆ ಹನ್ನೊಂದು ದಿನ ಒಲೆಯ ಕೆಲಸ ತಪ್ಪುತ್ತಿತ್ತು, ಅದನ್ನೂ ತೆಗೆದರೆ ಆಕೆಗೆ ವಿಶ್ರಾಂತಿ ಕೊಡುವವರು ಯಾರು? ಎನ್ನುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಅದರಲ್ಲಿ ಅನುಭವವಿದೆ. ಆದರೆ ಮೈಲಿಗೆಯ ಹೆಸರಿನ ವಿಶ್ರಾಂತಿಯು ಮಡಿಯ ಸ್ನಾನದೊಂದಿಗೆ ಮುಗಿದುಹೋಗುತ್ತದೆ. ಮರುದಿನವೇ ಕೊಡ ತಲೆಯ ಮೇಲೆ, ಕುಡಗೋಲು ಕೈಯಲ್ಲಿ. ಹಡೆದ ದೇಹ ತನ್ನ ಸ್ಥಿತಿಗೆ ಮರಳಲು ಆರು ವಾರಗಳಾದರೂ ಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ನಲವತ್ತು ದಿನಕ್ಕೂ ಇದಕ್ಕೂ ಎರಡೇ ದಿನದ ಅಂತರ. ನೌಕರಿಯಲ್ಲಿರುವ ಹೆಣ್ಣುಮಗಳಿಗೆ ಕಾಯ್ದೆಯು ಮೊದಲ ಎರಡು ಮಕ್ಕಳಿಗೆ ಇಪ್ಪತ್ತಾರು ವಾರಗಳ ಸಂಬಳದ ರಜೆ ಕೊಡುತ್ತದೆ. ಕಾಲುವೆ ನೀರಿನಲ್ಲಿ ಭತ್ತ ನಾಟಿ ಮಾಡುವ, ಹತ್ತಿ ಬಿಡಿಸುವ, ಬೆಂಗಳೂರಿಗೆ ಗುಳೆ ಹೋಗಿ ಇಟ್ಟಿಗೆ ಹೊರುವ ಹೆಣ್ಣುಮಗಳಿಗೆ ಆ ರಜೆ ಕೊಡುವವರು ಯಾರು? ಆಕೆಗೆ ತವರುಮನೆಯೇ ಕಾಯ್ದೆ, ಅತ್ತೆಯೇ ಸರ್ಕಾರ.

ಹುಟ್ಟಿದ್ದು ಹೆಣ್ಣಾದರೆ ಕೆಲವು ಮನೆಗಳಲ್ಲಿ ಅಂಟಿನುಂಡಿಯ ತುಪ್ಪ ಕಡಿಮೆಯಾಗುತ್ತದೆ. ಎರಡನೆಯದೂ ಹೆಣ್ಣಾದರೆ ಉಂಡಿಯೇ ಇಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನಮಗೆ ನಾಚಿಕೆಯಾಗುತ್ತದೆ.

ಇನ್ನೊಂದು ಗಂಭೀರ ವಿಷಯ. ತಾಯಂದಿರ ಸಾವುಗಳಲ್ಲಿ ಬಹಳಷ್ಟು ಸಂಭವಿಸುವುದು ಹೆರಿಗೆಯ ಹೊತ್ತಿನಲ್ಲಿ ಮತ್ತು ಆಮೇಲಿನ ಕೆಲವೇ ದಿನಗಳಲ್ಲಿ. ಅತಿಯಾದ ರಕ್ತಸ್ರಾವ, ಚಳಿಜ್ವರ, ಕಣ್ಣು ಕತ್ತಲೆಗಟ್ಟುವ ತಲೆನೋವು, ಫಿಟ್ಸ್ ಕಂಡರೆ ದೃಷ್ಟಿ ತೆಗೆಯುತ್ತ ಕೂಡಬಾರದು. 108ಕ್ಕೆ ಕರೆ ಮಾಡಬೇಕು. ಯಾರೂ ಮುಟ್ಟದ, ಯಾರೂ ಇಣುಕದ ಕೋಣೆಯಲ್ಲಿ ಈ ಲಕ್ಷಣಗಳನ್ನು ಕಾಣುವವರಾದರೂ ಯಾರು? ಹಿಂದಿನ ಸೂಲಗಿತ್ತಿಯರು ದಿನವೂ ಬಂದು ಮೈ ಮುಟ್ಟಿ ನೋಡುತ್ತಿದ್ದರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ಗೌರವ ದೊರೆತದ್ದು ಆ ಮುಟ್ಟುವ ಕೈಗಳಿಗೆ.

ಆದ್ದರಿಂದ ನಮ್ಮ ಮಠದ ಜಂಗಮರಿಗೆ ನಾವು ಸ್ಪಷ್ಟವಾಗಿ ತಿಳಿಸಿದ್ದೇವೆ. ಕೂಸಿಗೆ ಲಿಂಗಧಾರಣೆ ಮಾಡಲು ಕರೆ ಬಂದರೆ ಹನ್ನೊಂದನೆಯ ದಿನಕ್ಕೆ ಕಾಯಬೇಕಾಗಿಲ್ಲ. ಬಾಣಂತಿಯ ಕೋಣೆಗೇ ಹೋಗಬೇಕು, ತಾಯಿಗೂ ಕೂಸಿಗೂ ವಿಭೂತಿ ಹಚ್ಚಬೇಕು, ಕಿಟಕಿ ತೆಗೆಸಬೇಕು. ದಕ್ಷಿಣೆ ಸ್ವೀಕರಿಸುವ ಮೊದಲು, ತಾಯಿ ಇಂದು ಏನು ಉಂಡಿದ್ದಾಳೆಂದು ಮನೆಯ ಯಜಮಾನನನ್ನೇ ಕೇಳಬೇಕು, ಹೆಣ್ಣುಮಕ್ಕಳನ್ನಲ್ಲ.