‘ನೋಡಿ’ ಎಂದವರು ತೋರಿಸಬೇಕು

ಬರಹದಲ್ಲಿ ‘ನೋಡಿ’ ಎಂದು ಬರೆಯುವುದು ಓದುಗನಿಗೆ ಕೊಟ್ಟ ಮಾತು. ನಿಘಂಟು ಒಂದು ಪದದಿಂದ ಇನ್ನೊಂದಕ್ಕೆ ಕಳುಹಿಸಿ, ಅಲ್ಲಿ ಆ ಪದವೇ ಇಲ್ಲದಿದ್ದರೆ ನಾವು ಸಂಪಾದಕರನ್ನು ಕ್ಷಮಿಸುವುದಿಲ್ಲ. ಸುತ್ತೋಲೆಯ ‘ಉಲ್ಲೇಖ’ ರದ್ದಾದ ಆದೇಶವನ್ನು ತೋರಿಸಿದರೆ ಕಡತ ಮುಂದಕ್ಕೆ ಹೋಗುವುದಿಲ್ಲ. ತಂತ್ರಾಂಶದ ಕೈಪಿಡಿಗಳಲ್ಲಿ ಮಾತ್ರ ಇದೇ ಲೋಪ ‘ಸಣ್ಣಪುಟ್ಟದ್ದು’ ಎನಿಸಿಕೊಳ್ಳುತ್ತದೆ. ಈ ಉದಾಸೀನವನ್ನು ಒಪ್ಪಲಾಗದು.

ರೂಟರಿನಂಥ ಉಪಕರಣಗಳೊಳಗೆ ಅಡಗಿ ಕೂತ ಲಿನಕ್ಸನ್ನೇ ನೋಡಿ. ಅಂಥ ವ್ಯವಸ್ಥೆಯನ್ನು ಕಟ್ಟಿಕೊಡುವ ಯೋಕ್ಟೊ ಯೋಜನೆಗೆ ಹಲವು ಕೈಪಿಡಿಗಳಿವೆ. ಅದರ ಬಿಟ್‌ಬೇಕ್ ಉಪಕರಣದ ಕೈಪಿಡಿಯಂತೂ ಬೇರೆಯದೇ ಭಂಡಾರದಲ್ಲಿದೆ. 2021ರ 3.4ನೆಯ ಆವೃತ್ತಿಯಲ್ಲಿ ಚರಗಳಿಗೆ ಷರತ್ತು ಜೋಡಿಸುವ ಅಂಡರ್‌ಸ್ಕೋರ್ ಹೋಗಿ ಕೋಲನ್ ಬಂತು. 2022ರ 4.0ರಲ್ಲಿ ಕೆಲವು ಚರಗಳ ಹೆಸರೇ ಬದಲಾಯಿತು. ಬದಲಾವಣೆಗಳಿಗೆ ಸಕಾರಣವಿತ್ತು, ನಿಜ. ಆದರೆ ಉಪಕರಣಗಳು ವರ್ಷಗಟ್ಟಲೆ ಹಳೆಯ ಆವೃತ್ತಿಯಲ್ಲೇ ಬದುಕುತ್ತವೆ. ಅವುಗಳನ್ನು ದುರಸ್ತಿ ಮಾಡುವವನು ಬಹುಪಾಲು ಮೊದಲು ಕಟ್ಟಿದವನಲ್ಲ. ಅವನಿಗಿರುವ ಗುರು ಕೈಪಿಡಿಯೊಂದೇ. ಆ ಗುರು ಬೇರೆ ಆವೃತ್ತಿಯ ಪುಟಕ್ಕೆ ಕೈ ತೋರಿಸಿದರೆ, ಶಿಷ್ಯ ಶ್ರದ್ಧೆಯಿಂದಲೇ ತಪ್ಪು ಮಾಡುತ್ತಾನೆ.

‘ಹುಡುಕಿದರೆ ಎಲ್ಲವೂ ಸಿಗುವ ಕಾಲದಲ್ಲಿ ಅಡ್ಡ ಉಲ್ಲೇಖಗಳ ಗೊಡವೆ ಏಕೆ?’ ಎನ್ನುವವರಿದ್ದಾರೆ. ಹುಡುಕಲು ಹೆಸರು ಗೊತ್ತಿರಬೇಕು. ಹೆಸರೇ ತಿಳಿಯದ ಹೊಸಬನಿಗೆ ಆ ಹೆಸರನ್ನು ಪರಿಚಯಿಸುವುದೇ ಉಲ್ಲೇಖದ ಕೆಲಸ. ಹುಡುಕಾಟ ಹತ್ತು ಪುಟಗಳನ್ನು ಮುಂದಿಡುತ್ತದೆ. ಇವುಗಳಲ್ಲಿ ಈಗ ಬೇಕಾದದ್ದು ಇದು ಎಂಬ ವಿವೇಕವನ್ನು ಬರೆದವರೇ ಕೊಡಬೇಕು.

‘ಯಂತ್ರವೇ ಪರೀಕ್ಷಿಸುತ್ತದೆ’ ಎಂಬುದು ಇನ್ನೊಂದು ಸಮಾಧಾನ. ಅದು ಅರ್ಧ ಸತ್ಯ. ಲಿನಕ್ಸ್ ಕರ್ನಲ್ 2016ರಿಂದ, ಯೋಕ್ಟೊ 2020ರಿಂದ ಬಳಸುತ್ತಿರುವ ಸ್ಫಿಂಕ್ಸ್ ಎಂಬ ಸಾಧನದಲ್ಲಿ ಶೀರ್ಷಿಕೆಯ ಮೇಲೊಂದು ಗುರುತುಪಟ್ಟಿ ಇಟ್ಟು, ಅದನ್ನೇ ಉಲ್ಲೇಖಿಸಬಹುದು. ಶೀರ್ಷಿಕೆ ಬದಲಾದರೂ ಕೊಂಡಿ ಕಡಿಯುವುದಿಲ್ಲ. ಗುರುತುಪಟ್ಟಿಯೇ ಕಾಣೆಯಾದರೆ ಎಚ್ಚರಿಕೆ ಬರುತ್ತದೆ. ಕರ್ನಲಿನಲ್ಲಿ ಇಲ್ಲದ ಕಡತಗಳತ್ತ ಬೆರಳು ತೋರುವ ಸಾಲುಗಳನ್ನು ಹುಡುಕುವ ಪುಟ್ಟ ಕ್ರಮವಿಧಿಯೂ ಇದೆ. ಆದರೆ ಯಂತ್ರ ಹೇಳುವುದು ಮನೆ ಇದೆಯೋ ಇಲ್ಲವೋ ಎಂದಷ್ಟೇ. ಒಳಗೆ ಈಗ ಯಾರಿದ್ದಾರೆ ಎಂದು ಅದಕ್ಕೆ ತಿಳಿಯದು. ‘ವಿವರಗಳಿಗೆ ಮುಂದಿನ ಅಧ್ಯಾಯ’ ಎಂದಿದ್ದು, ಆ ಅಧ್ಯಾಯದಿಂದ ವಿವರಗಳನ್ನೇ ಕಿತ್ತುಹಾಕಿದ್ದರೆ ಕೊಂಡಿ ಗಟ್ಟಿಯಾಗಿಯೇ ಇರುತ್ತದೆ, ಮಾತು ಮಾತ್ರ ಸುಳ್ಳಾಗಿರುತ್ತದೆ.

ಆದ್ದರಿಂದ ಹೊಣೆ ಸ್ಪಷ್ಟವಾಗಬೇಕು. ಹೆಸರು ಬದಲಿಸಿದವರು, ಅಧ್ಯಾಯ ಒಡೆದವರು, ಅದೇ ತೇಪೆಯಲ್ಲಿ ಅದನ್ನು ತೋರುವ ಉಲ್ಲೇಖಗಳನ್ನೂ ಓದಿ ತಿದ್ದಬೇಕು. ತಿದ್ದದ ತೇಪೆಯನ್ನು ಪರಿಶೀಲಕರು ಹಿಂದಿರುಗಿಸಬೇಕು. ಎಚ್ಚರಿಕೆಗಳನ್ನು ದೋಷವೆಂದೇ ಎಣಿಸುವ ಆಯ್ಕೆ ಸ್ಫಿಂಕ್ಸ್‌ನಲ್ಲಿದೆ, ಅದನ್ನು ಚಾಲನೆಯಲ್ಲಿಡಬೇಕು. ಪುಣೆ, ಹೈದರಾಬಾದುಗಳಲ್ಲಿ ಇದೇ ವೃತ್ತಿಯಲ್ಲಿರುವ ನಮ್ಮ ಓದುಗರು ಇದನ್ನು ಗುಮಾಸ್ತಗಿರಿ ಎಂದು ಕಡೆಗಣಿಸಬಾರದು.

ಇದು ಅಸಾಧ್ಯದ ಆದರ್ಶವೇನಲ್ಲ. ಕರ್ನಲಿನ ‘ಕೋಡಿಂಗ್‌ಸ್ಟೈಲ್’ ಕಡತವನ್ನು ಬೇರೆಡೆಗೆ ಸಾಗಿಸಿದಾಗ, ಹಳೆಯ ಹೆಸರಿನಲ್ಲಿ ಹೊಸ ವಿಳಾಸ ಹೇಳುವ ಒಂದು ಸಾಲಿನ ಕಡತವನ್ನು ಉಳಿಸಿದರು. ಮನೆ ಬದಲಿಸುವವರು ಹಳೆಯ ಬಾಗಿಲಿಗೆ ಚೀಟಿ ಅಂಟಿಸಿ ಹೋದಂತೆ. ಅಷ್ಟು ಸೌಜನ್ಯಕ್ಕೂ ಪುರಸೊತ್ತಿಲ್ಲದವರು ‘ನೋಡಿ’ ಎಂದು ಬರೆಯದಿರುವುದೇ ಒಳಿತು.